ಊರ ಕಬಡ್ಡಿಯಲ್ಲಿ ಗೆದ್ದ ಕಪ್ ಕೆಲಸ ಕೊಡಿಸುತ್ತದೆಯೇ?

ಶಿಕಾರಿಪುರ, ಸೊರಬ ಕಡೆಯ ಹಳ್ಳಿಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಎಂದರೆ ಜಾತ್ರೆಯೇ. ಗೆದ್ದವರಿಗೆ ನಗದು, ಕಪ್, ಊರೆಲ್ಲ ಹೆಸರು. ಅಲ್ಲಿ ಚೆನ್ನಾಗಿ ರೈಡ್ ಮಾಡುವ ಹುಡುಗನಿಗೆ ಎರಡು ಮಾತು ಕೇಳಿಬರುತ್ತವೆ. ಒಂದು, "ಆಟ ಆಡಿದರೆ ಹೊಟ್ಟೆ ತುಂಬುತ್ತಾ?" ಇನ್ನೊಂದು, "ಹೀಗೇ ಆಡು, ಪ್ರೊ ಕಬಡ್ಡಿಗೆ ಹೋಗ್ತೀಯ." ಎರಡೂ ಅರ್ಧ ಸತ್ಯ.

ಪ್ರೊ ಕಬಡ್ಡಿಯಲ್ಲಿ ಎಷ್ಟು ಜಾಗವಿದೆ?

2014ರಲ್ಲಿ ಶುರುವಾದ ಈ ಲೀಗ್‌ನಲ್ಲಿ ಈಗ 12 ತಂಡಗಳಿವೆ. ಒಂದು ತಂಡಕ್ಕೆ ಗರಿಷ್ಠ 25 ಆಟಗಾರರು ಎಂದಿಟ್ಟುಕೊಂಡರೂ ವಿದೇಶಿಯರೂ ಸೇರಿ ಒಟ್ಟು 300 ಮಂದಿ. 10ನೇ ಆವೃತ್ತಿಯ ಹರಾಜಿನಲ್ಲಿ ಕೊನೆಯ 'ಡಿ' ವರ್ಗದ ಮೂಲ ಬೆಲೆಯೇ 9 ಲಕ್ಷ ರೂಪಾಯಿ ಇತ್ತು. ಹಣ ಸಣ್ಣದಲ್ಲ, ಆದರೆ ಬಾಗಿಲು ಬಹಳ ಕಿರಿದು. ಮೊಣಕಾಲಿನ ಲಿಗಮೆಂಟ್ ಒಮ್ಮೆ ಹರಿದರೆ ತಿಂಗಳುಗಟ್ಟಲೆ ಆಟವಿಲ್ಲ.

ಇದು ನಮ್ಮಲ್ಲಿ ಮಾತ್ರ ಹೀಗಲ್ಲ. ಕಾಲೇಜು ಕ್ರೀಡೆಗೆ ಹೆಸರಾದ ಅಮೆರಿಕದಲ್ಲೂ ವೃತ್ತಿಪರರಾಗುವ ಕಾಲೇಜು ಆಟಗಾರರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಹಾಗಾಗಿ ಲೀಗ್ ಒಂದನ್ನೇ ನಂಬಿ ಓದು ಬಿಡುವುದು ದೊಡ್ಡ ಜೂಜು.

ಹಾಗಾದರೆ ಕ್ರೀಡಾ ಕೋಟಾ ಕೆಲಸ?

ಇದು ನಿಜವಾದ ದಾರಿ. ಕೇಂದ್ರ ಸರ್ಕಾರದ ಇಲಾಖೆಗಳು 'ಸಿ' ದರ್ಜೆಯ ಹುದ್ದೆಗಳಿಗೆ ಕ್ರೀಡಾಪಟುಗಳನ್ನು ನೇರವಾಗಿ ತೆಗೆದುಕೊಳ್ಳಬಹುದು. ರೈಲ್ವೆ ಮತ್ತು ಅಂಚೆ ಇಲಾಖೆಯಲ್ಲೂ, ನಮ್ಮ ರಾಜ್ಯದ ಪೊಲೀಸ್ ಇಲಾಖೆಯಲ್ಲೂ ಕ್ರೀಡಾಪಟುಗಳಿಗೆ ಅವಕಾಶವಿದೆ. ಕೇಂದ್ರದ ಪಟ್ಟಿಯಲ್ಲಿ ಮೊದಲು 43 ಕ್ರೀಡೆಗಳಿದ್ದವು, 2020ರಲ್ಲಿ ಅದು 63ಕ್ಕೆ ಏರಿತು. ಕಬಡ್ಡಿ, ಖೋ ಖೋ ಮಾತ್ರವಲ್ಲ, ಮಲ್ಲಕಂಬ, ಹಗ್ಗಜಗ್ಗಾಟವೂ ಅದರಲ್ಲಿವೆ. ದೀಪಾವಳಿಯ ನಂತರ ನಮ್ಮಲ್ಲಿ ಸಾವಿರಾರು ಜನ ಸೇರುವ ಹೋರಿ ಹಬ್ಬ ಇಲ್ಲ.

ಆದರೆ ಇಲ್ಲಿ ಕೌಶಲದಷ್ಟೇ ಕಾಗದವೂ ಮುಖ್ಯ. ಕೇಂದ್ರದ ನಿಯಮದ ಪ್ರಕಾರ ಮುಖ್ಯವಾಗಿ ಲೆಕ್ಕಕ್ಕೆ ಬರುವುದು ಇಷ್ಟು:

* ದೇಶದ ಪರವಾಗಿ ಅಂತರರಾಷ್ಟ್ರೀಯ ಕೂಟದಲ್ಲಿ ಆಡಿರುವುದು
* ರಾಜ್ಯದ ಪರವಾಗಿ ರಾಷ್ಟ್ರೀಯ ಕೂಟದಲ್ಲಿ ಆಡಿರುವುದು
* ವಿಶ್ವವಿದ್ಯಾಲಯದ ಪರವಾಗಿ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಆಡಿರುವುದು
* ರಾಜ್ಯ ಶಾಲಾ ತಂಡದಲ್ಲಿ ರಾಷ್ಟ್ರೀಯ ಶಾಲಾ ಕೂಟದಲ್ಲಿ ಆಡಿರುವುದು

ಆದ್ಯತೆಯೂ ಇದೇ ಕ್ರಮದಲ್ಲಿ. ಮೊದಲ ಮೂರು ಸ್ಥಾನದೊಳಗೆ ಪದಕ ಗೆದ್ದವರು ಮುಂದೆ, ಬರೀ ಭಾಗವಹಿಸಿದವರು ಹಿಂದೆ. ಊರ ಪಂದ್ಯಾವಳಿಯ ಹತ್ತು ಕಪ್‌ಗಳು ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಅವು ಅಭ್ಯಾಸಕ್ಕೆ ಒಳ್ಳೆಯದು, ಅರ್ಜಿಗೆ ಅಲ್ಲ.

ಕಾಲೇಜಿನಲ್ಲಿ ಏಣಿ ಹೇಗಿದೆ?

ಎರಡೂ ತಾಲ್ಲೂಕುಗಳು ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಮೊದಲ ಮೆಟ್ಟಿಲು ಕಾಲೇಜು ತಂಡ. ಅಲ್ಲಿಂದ ಅಂತರ ಕಾಲೇಜು ಪಂದ್ಯ, ನಂತರ ವಿಶ್ವವಿದ್ಯಾಲಯ ತಂಡದ ಆಯ್ಕೆ. ಆಯ್ಕೆಯಾದವರು ದಕ್ಷಿಣ ವಲಯದ, ಗೆದ್ದರೆ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಹೋಗುತ್ತಾರೆ. ಅಲ್ಲಿ ಮುಂಚೂಣಿಯಲ್ಲಿದ್ದವರಿಗೆ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ. 2022ರಲ್ಲಿ ಅದು ಬೆಂಗಳೂರಿನಲ್ಲೇ ನಡೆದಿತ್ತು.

ಆಯ್ಕೆ ಶಿಬಿರಕ್ಕೆ ಹೋಗುವುದೇ ಒಂದು ಕಷ್ಟ. ಶಿಕಾರಿಪುರದಿಂದ ಶಿವಮೊಗ್ಗಕ್ಕೇ ಸುಮಾರು 50 ಕಿಲೋಮೀಟರ್, ಸೊರಬದಿಂದ ಇನ್ನೂ ದೂರ, ಶಂಕರಘಟ್ಟ ಅದರಾಚೆ. ಬೆಳಗಿನ ಆಯ್ಕೆಗೆ ಹಿಂದಿನ ದಿನವೇ ಹೊರಡಬೇಕಾಗಬಹುದು. ಹೆಣ್ಣುಮಕ್ಕಳ ಹೆಸರು ಪಟ್ಟಿಯಿಂದ ಬಿಟ್ಟುಹೋಗುವುದು ಎಷ್ಟೋ ಸಲ ಆಟದ ಕೊರತೆಯಿಂದಲ್ಲ, ಈ ಪ್ರಯಾಣದಿಂದ. ಆದ್ದರಿಂದ ವರ್ಷದ ಆರಂಭದಲ್ಲೇ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕಂಡು ಆಯ್ಕೆ ದಿನಾಂಕ ಮತ್ತು ಪ್ರಯಾಣದ ವ್ಯವಸ್ಥೆ ಕೇಳಿಕೊಳ್ಳಿ.

ವಿಶ್ವವಿದ್ಯಾಲಯಕ್ಕೆ ಆಡಿದ್ದರೆ, ಕಾಲೇಜು ಬಿಡುವ ಮುನ್ನ 'ನಮೂನೆ 3' ಪ್ರಮಾಣಪತ್ರ ಪಡೆಯಿರಿ. ಕೇಂದ್ರದ ಹುದ್ದೆಗೆ ಬೇಕಾದ ನಮೂನೆ ಅದು. ವಿಶ್ವವಿದ್ಯಾಲಯದ ಕ್ರೀಡಾ ಮುಖ್ಯಸ್ಥರ ಸಹಿ ಇರಬೇಕು. ಪದಕದ ಫೋಟೋ ಅದಕ್ಕೆ ಬದಲಿಯಲ್ಲ.

ಆಡುವುದು ನಿಂತ ಮೇಲೆ?

ಕ್ರೀಡೆಯ ಕೆಲಸವೆಂದರೆ ಆಡುವುದೊಂದೇ ಅಲ್ಲ. ಪದವಿಯ ನಂತರ ಎರಡು ವರ್ಷದ ಬಿ.ಪಿ.ಇಡ್ ಓದಿದರೆ ದೈಹಿಕ ಶಿಕ್ಷಕರಾಗುವ ದಾರಿ ಇದೆ. 1961ರಲ್ಲಿ ಆರಂಭವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತರಬೇತುದಾರರಿಗೆ ಡಿಪ್ಲೊಮಾ ಕೊಡುತ್ತದೆ. ರೆಫರಿ, ಫಿಸಿಯೋಥೆರಪಿಸ್ಟ್, ವಿಡಿಯೋ ವಿಶ್ಲೇಷಕ, ಕನ್ನಡ ವೀಕ್ಷಕ ವಿವರಣೆಗಾರ ಇವೆಲ್ಲವೂ ವೃತ್ತಿಗಳೇ. ಕರ್ನಾಟಕದ ಬಿ.ಸಿ. ರಮೇಶ್ ಆಟಗಾರರಾಗಿ ಅರ್ಜುನ ಪ್ರಶಸ್ತಿ ಪಡೆದವರು. ಆಮೇಲೆ ತರಬೇತುದಾರರಾಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್, 10ನೇ ಆವೃತ್ತಿಯಲ್ಲಿ ಪುಣೇರಿ ಪಲ್ಟನ್ ತಂಡಗಳನ್ನು ಚಾಂಪಿಯನ್ ಮಾಡಿದರು.

ಕೊನೆಗೊಂದು ಎಚ್ಚರಿಕೆ. ಬೇಗ ಮೈ ಕಟ್ಟಲು ಯಾರೋ ಕೊಟ್ಟ ಪುಡಿ, ಇಂಜೆಕ್ಷನ್ ಬೇಡ. ಅದರಲ್ಲಿ ನಿಷೇಧಿತ ವಸ್ತುವಿದ್ದರೆ, "ನನಗೆ ಗೊತ್ತಿರಲಿಲ್ಲ" ಎಂದರೂ ಡೋಪಿಂಗ್ ನಿಯಮದಲ್ಲಿ ಹೊಣೆ ಆಟಗಾರನದ್ದೇ.

ಒಟ್ಟಿನಲ್ಲಿ, ಆಟ ಹೊಟ್ಟೆ ತುಂಬಿಸಬಲ್ಲದು, ಆದರೆ ಎಲ್ಲಿ ಆಡಿದಿರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ವಯಸ್ಸಿನ ಮಿತಿ ಇದೆ. ಪದವಿಯ ಮೂರ್ನಾಲ್ಕು ವರ್ಷ ಊರ ಕಪ್‌ಗಳಲ್ಲೇ ಕಳೆದರೆ ಆ ಅವಕಾಶ ಮತ್ತೆ ಬರುವುದು ಕಷ್ಟ.