ಚಾಳಿಯೋ, ವ್ಯಾಧಿಯೋ?

ಎಂಟು ವರ್ಷದ ಬಾಲಕನೊಬ್ಬನು ಊಟಕ್ಕೆ ಕುಳಿತಾಗ ಪದೇ ಪದೇ ಕಣ್ಣು ಪಿಳುಕಿಸುವನು. ಪಾಠವನ್ನೊಪ್ಪಿಸುವಾಗ ಹೆಗಲು ಹಾರಿಸುವನು. ನೆಗಡಿಯಿಲ್ಲದಿದ್ದರೂ ಗಂಟಲು ಕೆರೆಯುವನು. ಅಜ್ಜಿಯು ದೃಷ್ಟಿ ತಾಗಿತೆಂದು ನಿವಾಳಿಸುವಳು. ನೆರೆಯವರು ಗಾಳಿ ಸೋಂಕಿತೆನ್ನುವರು. ತಂದೆಯು ಕೆಟ್ಟ ಚಾಳಿಯೆಂದು ಗದರಿಸುವನು. ಹಿಂದಿನ ಮಾಸ್ತರರು ಬೆತ್ತವನ್ನೆತ್ತುತ್ತಿದ್ದರು. ಈಗಿನವರು ಕಡೆಯ ಸಾಲಿಗೆ ಅಟ್ಟುವರು. ಇವರಲ್ಲಿ ಯಾರೂ ಮಗುವಿನ ವೈರಿಗಳಲ್ಲ. ಆದರೆ ಈ ಮಾತುಗಳ ಹಿಂದೆ ದೀರ್ಘವಾದ ಚರಿತ್ರೆಯಿರುವದು. ಅದನ್ನರಿಯದೆ ಮಗುವಿಗೆ ನ್ಯಾಯ ದೊರೆಯದು.

ಚರಕಸಂಹಿತೆಯ ನಿದಾನಸ್ಥಾನದ 7ನೆಯ ಅಧ್ಯಾಯವು ಉನ್ಮಾದವನ್ನು ಕುರಿತದ್ದು. ವಾತಜನ್ಯವಾದ ಉನ್ಮಾದದ ಲಕ್ಷಣಗಳನ್ನೆಣಿಸುವಲ್ಲಿ ಕಣ್ಣು, ಹುಬ್ಬು, ತುಟಿ, ಹೆಗಲು, ದವಡೆ, ಕೈಕಾಲುಗಳು ಅಕಸ್ಮಾತ್ತಾಗಿ ಅಲುಗುವದನ್ನೂ, ಮಾತು ಕ್ರಮವಿಲ್ಲದೆ ಹೊರಬೀಳುವದನ್ನೂ ಆಚಾರ್ಯನು ಹೇಳಿರುವನು. ಆ ಉನ್ಮಾದವೂ ಇಂದಿನ ವೈದ್ಯರು ‘ಟಿಕ್’ ಎನ್ನುವ ಚಲನದೋಷವೂ ಒಂದೇ ಎಂದು ಸಾಧಿಸಹೊರಡುವದು ಸಾಹಸವಾದೀತು. ಆದರೆ ನೋಡುವ ಕಣ್ಣಿನ ಸೂಕ್ಷ್ಮತೆಗೆ ತಲೆದೂಗಲೇಬೇಕು. ದೇವತೆಗಳಾಗಲಿ ಪಿಶಾಚಗಳಾಗಲಿ ತಾವಾಗಿ ಮನುಷ್ಯನನ್ನು ಪೀಡಿಸುವದಿಲ್ಲ, ಅವನ ಪ್ರಜ್ಞಾಪರಾಧವೇ ಮೂಲವೆಂದು ಅದೇ ಅಧ್ಯಾಯವು ಸಾರುವದು. ಹೀಗೆ ತಪ್ಪಿನ ಹೊರೆಯು ಭೂತಗಳ ಮೇಲಿಂದ ಇಳಿಯಿತು. ಆದರೆ ಇಳಿದು ರೋಗಿಯ ಹೆಗಲನ್ನೇ ಏರಿತು.

ಯುರೋಪಿನಲ್ಲಿಯೂ ಈ ಹೊರೆಯು ಬೇಗ ಇಳಿಯಲಿಲ್ಲ. 1825ರಲ್ಲಿ ಫ್ರಾನ್ಸಿನ ವೈದ್ಯನಾದ ಇಟಾರನು, ಅನಿಚ್ಛೆಯಿಂದ ಅಂಗವಿಕ್ಷೇಪ ಮಾಡುತ್ತ ಅಸಭ್ಯ ಪದಗಳನ್ನುಚ್ಚರಿಸುತ್ತಿದ್ದ ಕುಲೀನ ಸ್ತ್ರೀಯೊಬ್ಬಳ ವೃತ್ತಾಂತವನ್ನು ಪ್ರಕಟಿಸಿದನು. 1885ರಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಜಾರ್ಜ್ ಜಿಲ್ ದ ಲಾ ಟುರೆಟ್ಟನು ಅಂತಹ ಒಂಬತ್ತು ಮಂದಿಯನ್ನು ವರ್ಣಿಸಿದನು. ಆತನ ಗುರುವಾದ ಶಾರ್ಕೋ ಆ ವ್ಯಾಧಿಗೆ ಶಿಷ್ಯನ ಹೆಸರನ್ನೇ ಇಟ್ಟನು. ಆ ಬಳಿಕವೂ ಬಹುಕಾಲ ಮನೋದೌರ್ಬಲ್ಯವೇ ಕಾರಣವೆಂಬ ಮತವು ಪ್ರಬಲವಾಗಿದ್ದಿತು. 1961ರಲ್ಲಿ ಹ್ಯಾಲೊಪೆರಿಡಾಲ್ ಎಂಬ ಔಷಧದಿಂದ ಈ ಚಲನೆಗಳು ತಗ್ಗುವದು ಕಂಡುಬಂದ ಮೇಲೆ ಪಂಡಿತರ ದೃಷ್ಟಿಯು ಮೆದುಳಿನ ಕಡೆಗೆ ಹೊರಳಿತು.

ಧಾರವಾಡದ ಮಟ್ಟಿಗೆ ಈ ಕಥೆಯು ಒಂದು ಕಟ್ಟಡದೊಡನೆ ಬೆಸೆದಿರುವದು. 1845ರಲ್ಲಿ ಆಂಗ್ಲರ ಆಳಿಕೆಯಲ್ಲಿ ಇಲ್ಲಿ ಹುಚ್ಚರ ಆಶ್ರಯವು ಸ್ಥಾಪಿತವಾಯಿತು. 1858ರ ಹಾಗೂ 1912ರ ಕಾಯದೆಗಳಲ್ಲಿ ಚಿಕಿತ್ಸೆಗಿಂತ ಕಾವಲಿಗೇ ಹೆಚ್ಚಿನ ಸ್ಥಾನವಿದ್ದಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡವು 1956ರಲ್ಲಿ ಮೈಸೂರು ರಾಜ್ಯಕ್ಕೆ ಕೂಡಿತು. 1912ರ ಕಾಯದೆಯ ಸ್ಥಾನಕ್ಕೆ 1987ರದು, ಅದರ ಸ್ಥಾನಕ್ಕೆ ರೋಗಿಯ ಹಕ್ಕುಗಳನ್ನು ಮನ್ನಿಸುವ 2017ರದು ಬಂದವು. ಆ ಆಶ್ರಯವೇ ಬೆಳೆದು ಇಂದು ಡಿಮ್ಹಾನ್ಸ್, ಅಂದರೆ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಎನಿಸಿರುವದು. ಮನಸ್ಸನ್ನೂ ನರವನ್ನೂ ಒಂದೇ ಹೆಸರಿನಲ್ಲಿ ಕೂಡಿಸಿದ್ದು ಸಣ್ಣ ಮಾತಲ್ಲ. ಆದರೂ ‘ಹುಚ್ಚಾಸ್ಪತ್ರೆ’ ಎಂಬ ಹಳೆಯ ಹೆಸರಿನ ಅಂಜಿಕೆಯು ಜನಮನದಿಂದ ಪೂರ್ಣವಾಗಿ ಅಳಿದಿಲ್ಲ. ಆ ಅಂಜಿಕೆಯಿಂದಲೇ ಎಷ್ಟೋ ಮನೆಗಳವರು ಮಗುವನ್ನು ವೈದ್ಯರಿಗೆ ತೋರಿಸದೆ ಮರೆಮಾಚುವರು.

ಟಿಕ್ ಎಂಬುದು ಹುಚ್ಚಲ್ಲ. ಅದು ಸಾಮಾನ್ಯವಾಗಿ ಐದರಿಂದ ಏಳನೆಯ ವಯಸ್ಸಿನಲ್ಲಿ ತೋರಿ, ಹತ್ತು ಹನ್ನೆರಡರ ಸುಮಾರಿಗೆ ಹೆಚ್ಚಿ, ಬಹುಮಂದಿಯಲ್ಲಿ ಪ್ರಾಯ ಬಂದಂತೆ ತಗ್ಗುವದು. ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ವಂಶದಲ್ಲಿ ಇಳಿದು ಬರುವದೂ ಉಂಟು. ಅಂಗಚಲನೆಗಳು ಹಲವಾಗಿ, ಧ್ವನಿಯೂ ಸೇರಿ, ವರ್ಷಕ್ಕೆ ಮೀರಿ ಉಳಿದರೆ ಅದಕ್ಕೆ ಟುರೆಟ್ಟನ ಹೆಸರು ಸಲ್ಲುವದು. ಅಸಭ್ಯ ಪದಗಳು ಹೊರಬೀಳುವದು ಕೆಲವರಲ್ಲಿ ಮಾತ್ರ. ಸೀನು ಬರುವ ಮುನ್ನ ಮೂಗು ತುರಿಸುವಂತೆ ಒಳಗೊಂದು ಒತ್ತಡವೇಳುವದು. ಸ್ವಲ್ಪ ಹೊತ್ತು ತಡೆಯಬಹುದು, ಆದರೆ ಸದಾ ಅಲ್ಲ. ತಡೆಯಬಲ್ಲನೆಂಬುದನ್ನೇ ಕಂಡು ಹಿರಿಯರು ‘ಬೇಕೆಂದೇ ಮಾಡುವನು’ ಎನ್ನುವರು. ಅನ್ಯಾಯವು ಹುಟ್ಟುವದು ಇಲ್ಲಿಯೇ. ಚಿತ್ತವು ಒಂದೆಡೆ ನಿಲ್ಲದಿರುವದು, ಒಂದೇ ಆಲೋಚನೆಯು ಮರಳಿ ಮರಳಿ ಕಾಡುವದು, ಇವೂ ಹಲವೊಮ್ಮೆ ಜೊತೆಗಿದ್ದು ಟಿಕ್ಕಿಗಿಂತ ಹೆಚ್ಚಾಗಿ ಬಾಧಿಸುವವು. ಗಂಟಲುಬೇನೆಯ ಕೆಲವು ವಾರಗಳ ತರುವಾಯ ಕೈಕಾಲುಗಳು ಕುಣಿಯತೊಡಗಿ, ಹಿಡಿದ ಲೋಟವು ಜಾರಿಬಿದ್ದರೆ ಅದು ಬೇರೆ ರೋಗ. ಅದರೊಡನೆ ಹೃದಯವೂ ಕೆಡಬಹುದಾದ್ದರಿಂದ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಅಲ್ಪವಾದ ಟಿಕ್ಕಿಗೆ ಔಷಧವೇ ಬೇಡ. ಹೆಚ್ಚಾದರೆ, ಆ ಒತ್ತಡವನ್ನು ಗುರುತಿಸಿ ಪ್ರತಿಚಲನೆಯಿಂದ ಎದುರಿಸುವ ಅಭ್ಯಾಸವನ್ನು ತಜ್ಞರು ಕಲಿಸುವರು, ಔಷಧಗಳೂ ಉಂಟು. ಗದರಿಕೆ, ಅಣಕ, ಎಡೆಬಿಡದ ಎಚ್ಚರಿಕೆಗಳು ಮಗುವಿನ ಕಳವಳವನ್ನೂ ಅದರೊಡನೆ ಟಿಕ್ಕನ್ನೂ ಬೆಳೆಸುವವು. ಭೂತವೆಂದರು, ಪಾಪವೆಂದರು, ಚಾಳಿಯೆಂದರು. ಮೂರು ಕಾಲದಲ್ಲಿಯೂ ಪೆಟ್ಟು ಬಿದ್ದುದು ಮಗುವಿನ ಮೇಲೆಯೇ. ಇನ್ನು ಮುಂದೆ ಅದು ಕಣ್ಣು ಪಿಳುಕಿಸಿದಾಗ ಶಿಕ್ಷಕರು ಪಾಠವನ್ನು ಮುಂದುವರಿಸಲಿ, ತಾಯಿಯು ಅನ್ನವನ್ನು ಬಡಿಸಲಿ.