ಹರೆಯ, ರೆಕಾರ್ಡು, ಮಾಟ: ಮೆಕ್ಸಿಕೊದ ಒಂದು ಕಾದಂಬರಿ ಪರಂಪರೆ

ಸಿಲ್ವಿಯಾ ಮೊರೆನೊ-ಗಾರ್ಸಿಯಾ ಅವರ ಮೊದಲ ಕಾದಂಬರಿ ‘ಸಿಗ್ನಲ್ ಟು ನಾಯ್ಸ್’ (2015) ನಡೆಯುವುದು 1988ರ ಮೆಕ್ಸಿಕೊ ನಗರದಲ್ಲಿ. ಶಾಲೆಯಲ್ಲಿ ಯಾರೂ ಹತ್ತಿರ ಸೇರಿಸದ ಮೆಚೆ, ಸೆಬಾಸ್ಟಿಯನ್, ಡ್ಯಾನಿಯೆಲಾ ಎಂಬ ಮೂವರಿಗೆ ಹಳೆಯ ರೆಕಾರ್ಡು ಹಾಕಿ ಮಾಟ ಮಾಡಬಹುದೆಂದು ಗೊತ್ತಾಗುತ್ತದೆ. 2009ರಲ್ಲಿ ತಂದೆಯ ಅಂತ್ಯಕ್ರಿಯೆಗೆಂದು ಮೆಚೆ ಯೂರೋಪಿನಿಂದ ಬಂದಾಗ, ಆ ಸ್ನೇಹ ಏಕೆ ಮುರಿಯಿತೆಂಬುದು ಬಿಚ್ಚಿಕೊಳ್ಳುತ್ತದೆ. ಇದನ್ನು ಫ್ಯಾಂಟಸಿಯ ಸಾಲಿಗೆ ಸೇರಿಸಿ ಸುಮ್ಮನಾಗುವುದು ಸುಲಭ. ಆದರೆ ಇದರ ಬೇರು ಮೆಕ್ಸಿಕೊದ ಅರ್ಧ ಶತಮಾನದ ಹರೆಯದ ಕಾದಂಬರಿಗಳಲ್ಲಿದೆ. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ರಾಕ್ ಸಂಗೀತ ಪಟ್ಟ ಪಾಡಿನಲ್ಲಿದೆ.

ಕಾದಂಬರಿಕಾರ ಹೊಸೆ ಅಗುಸ್ತಿನ್ ‘ಲಾ ತುಂಬಾ’ (1964) ಪ್ರಕಟಿಸಿದಾಗ ಅವರಿಗೆ ಇಪ್ಪತ್ತರ ಆಸುಪಾಸು. ಆಮೇಲೆ ಅವರದೇ ‘ದೆ ಪೆರ್ಫಿಲ್’ (1966), ಪಾರ್ಮೆನಿದೆಸ್ ಗಾರ್ಸಿಯಾ ಸಲ್ದಾನ್ಯಾ ಅವರ ‘ಪಾಸ್ತೊ ವೆರ್ದೆ’ (1968) ಬಂದವು. ನಗರದ ಮಧ್ಯಮವರ್ಗದ ಹುಡುಗರ ಆಡುಮಾತು, ರಾಕ್ ಹಾಡುಗಳ ಲಯ, ಮನೆಯ ಹಿರಿಯರ ಮೇಲಿನ ಅಸಡ್ಡೆ ಇವೆಲ್ಲ ಸಾಹಿತ್ಯದ ಅಂಗಳಕ್ಕೆ ಬಂದದ್ದು ಹೀಗೆ. ವಿಮರ್ಶಕಿ ಮಾರ್ಗೊ ಗ್ಲಾಂಟ್ಸ್ 1971ರಲ್ಲಿ ಇವರನ್ನು ‘ಲಾ ಓಂದಾ’ ಹೆಸರಿನಡಿ ಚರ್ಚಿಸಿದರು. ಅಗುಸ್ತಿನ್‌ಗೆ ಆ ಹಣೆಪಟ್ಟಿ ಹಿಡಿಸಲಿಲ್ಲ. ಈ ಕಾದಂಬರಿಗಳಲ್ಲಿ ಸಂಗೀತವೆಂದರೆ ಬಂಡಾಯ. ಬಂಡೇಳುವವರು ಬಹುಪಾಲು ಹುಡುಗರೇ ಎಂಬುದನ್ನೂ ಹೇಳಬೇಕು.

ಆ ಬಂಡಾಯಕ್ಕೆ ಬೆಲೆ ತೆರಬೇಕಾಯಿತು. 1968ರ ಅಕ್ಟೋಬರ್ 2ರಂದು ಮೆಕ್ಸಿಕೊ ನಗರದ ತ್ಲಾತೆಲೋಲ್ಕೊದಲ್ಲಿ ಸೇನೆ ಪ್ರತಿಭಟನಾನಿರತ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿತು. 1971ರ ಸೆಪ್ಟೆಂಬರಿನಲ್ಲಿ ವಾಯೆ ದೆ ಬ್ರಾವೊ ಬಳಿಯ ಅವಾಂದರೊ ರಾಕ್ ಉತ್ಸವಕ್ಕೆ ಲಕ್ಷಕ್ಕೂ ಮೀರಿ ಯುವಜನ ಸೇರಿದರು. ಅದರಿಂದ ಸರ್ಕಾರವೂ ಪತ್ರಿಕೆಗಳೂ ಕಂಗಾಲಾದವು. ರಾಕ್ ಕಾರ್ಯಕ್ರಮಗಳಿಗೆ ಅನುಮತಿ ಸಿಗದಾಯಿತು, ರೇಡಿಯೊ ಬಾಗಿಲು ಮುಚ್ಚಿತು. ವಾದ್ಯತಂಡಗಳು ನಗರದಂಚಿನ ಗೋದಾಮುಗಳಿಗೆ, ಕೆಲಸ ಮುಗಿಯದ ಕಟ್ಟಡಗಳಿಗೆ ಹೋಗಿ ನುಡಿಸಿದವು. 1980ರಲ್ಲಿ ಎಲ್ ಚೋಪೊ ವಸ್ತುಸಂಗ್ರಹಾಲಯದಲ್ಲಿ ಶುರುವಾದ ಶನಿವಾರದ ಸಂತೆಯಲ್ಲಿ ಜನ ರೆಕಾರ್ಡುಗಳನ್ನು ಕೊಂಡರು, ಅದಲು ಬದಲು ಮಾಡಿಕೊಂಡರು. ಸುಲಭಕ್ಕೆ ಕೈಗೆಟುಕದ ವಸ್ತುವಿಗೆ ಶಕ್ತಿ ಆರೋಪಿಸುವುದು ಮನುಷ್ಯಸಹಜ. ಮಾಟದ ರೆಕಾರ್ಡಿಗೆ ನೆಲ ಹದವಾದದ್ದು ಇಲ್ಲಿ. ಎಂಬತ್ತರ ದಶಕದ ನಡುವೆ ರೆಕಾರ್ಡು ಕಂಪನಿಗಳೇ ಸ್ಪ್ಯಾನಿಷ್ ರಾಕ್ ಮಾರತೊಡಗಿದವು. ಕೈಫಾನೆಸ್ ತಂಡದ ಮೊದಲ ಆಲ್ಬಮ್ ಬಂದದ್ದು 1988ರಲ್ಲಿ, ಮೆಚೆಯ ಕಥೆ ನಡೆಯುವ ವರ್ಷದಲ್ಲೇ.

ಈ ನಡುವೆ ಹೊಸೆ ಎಮಿಲಿಯೊ ಪಚೆಕೊ ಅವರ ಕಿರುಕಾದಂಬರಿ ‘ಲಾಸ್ ಬತಾಯಾಸ್ ಎನ್ ಎಲ್ ದೆಸಿಯೆರ್ತೊ’ (1981) ಬೇರೆ ದಾರಿ ಹಿಡಿಯಿತು. ಗೆಳೆಯನ ತಾಯಿಯನ್ನೇ ಪ್ರೀತಿಸುವ ಹುಡುಗನಿಗೆ ಅಂದಿನ ಒಂದು ಬೊಲೆರೊ ಹಾಡು ಕಳೆದುಹೋದ ನಗರದ ನೆನಪಾಗಿ ಉಳಿಯುತ್ತದೆ. ಮುಂದೆ ಕಾಫೆ ತಕುಬಾ ತಂಡ ಈ ಕೃತಿಯನ್ನೇ ಹಾಡು ಮಾಡಿತು.

ಬಂಡಾಯ ಮತ್ತು ನೆನಪು ಎಂಬ ಈ ಎರಡು ಎಳೆಗಳನ್ನು ಮೊರೆನೊ-ಗಾರ್ಸಿಯಾ ಒಟ್ಟಿಗೆ ಹೊಸೆದರು. ಮೆಚೆಗೆ ಮಾಟದ ಕಥೆಗಳು ಅಜ್ಜಿಯಿಂದ, ಹಾಡುಗಳು ಕುಡುಕ ತಂದೆಯಿಂದ ಬರುತ್ತವೆ. ಹುಡುಗಿಯೇ ಇಲ್ಲಿ ಕೇಂದ್ರ, ಅವಳು ಒಳ್ಳೆಯವಳೇನೂ ಅಲ್ಲ. ಅಗುಸ್ತಿನ್ ಪೀಳಿಗೆ ಬಿಟ್ಟುಹೋದ ಜಾಗ ಹೀಗೆ ತುಂಬಿತು. 2009ರ ಭಾಗ 1988ರಷ್ಟು ಬಿಗಿಯಾಗಿಲ್ಲ ಎಂಬುದು ಬೇರೆ ಮಾತು.

ಇನ್ನು ಭಾಷೆಯ ಮಾತು. ಅವಾಂದರೊ ಕಾಲದ ಮೆಕ್ಸಿಕೊ ತಂಡಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ಹಾಡಿದವು, ಕಾದಂಬರಿಕಾರರು ಸ್ಪ್ಯಾನಿಷಿನಲ್ಲಿ ಬರೆದರು. ಕೆನಡಾದಲ್ಲಿ ನೆಲೆಸಿರುವ ಮೊರೆನೊ-ಗಾರ್ಸಿಯಾ ಬರೆಯುವುದು ಇಂಗ್ಲಿಷಿನಲ್ಲಿ. ಅಷ್ಟು ಮಾತ್ರಕ್ಕೆ ‘ಸಿಗ್ನಲ್ ಟು ನಾಯ್ಸ್’ ಹೊರಗಿನದಾಗುವುದಿಲ್ಲ. ಅದರ ಜಾಗ ‘ದೆ ಪೆರ್ಫಿಲ್’ ಪಕ್ಕದಲ್ಲೇ.