ಎಳೆಯ ಮಕ್ಕಳ ಊಟದ ಹಠ ಮತ್ತು ಉಣಿಸುವ ಕ್ರಮ

ಪರಿಚಿತವಾದ ಕೆಲವೇ ಪದಾರ್ಥಗಳನ್ನು ಒಪ್ಪಿ, ಹೊಸದಾಗಿ ತಟ್ಟೆಗೆ ಬಂದುದನ್ನು ರುಚಿ ನೋಡುವುದಕ್ಕೂ ಮುನ್ನವೇ ನಿರಾಕರಿಸುವ, ಇಲ್ಲವೆ ನಿನ್ನೆ ಮೆಚ್ಚಿ ತಿಂದುದನ್ನೇ ಇಂದು ದೂಡಿಬಿಡುವ ಎಳೆಯ ಮಕ್ಕಳ ಪ್ರವೃತ್ತಿಯನ್ನು ಊಟದ ಹಠವೆನ್ನಬಹುದು. ಒಂದೂವರೆ ಎರಡು ವರ್ಷದ ವಯಸ್ಸಿನಲ್ಲಿ ತಲೆದೋರುವ ಈ ಪ್ರವೃತ್ತಿಯು ಆರನೆಯ ವರ್ಷದವರೆಗೆ ಬಲವಾಗಿದ್ದು, ಅನಂತರ ಬಹುಪಾಲು ಮಕ್ಕಳಲ್ಲಿ ತಾನಾಗಿಯೇ ತಗ್ಗುತ್ತದೆ. ಅಮೆರಿಕದಲ್ಲಿ ಮೂರು ಸಾವಿರಕ್ಕೂ ಮಿಕ್ಕ ಶಿಶುಗಳ ಆಹಾರವನ್ನು ಕುರಿತು ನಡೆದು 2004ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಎರಡು ವರ್ಷದ ಮಕ್ಕಳ ಪೈಕಿ ಅರ್ಧದಷ್ಟು ಮಂದಿಯನ್ನು ಸಾಕುವವರೇ ಈ ವರ್ಗಕ್ಕೆ ಸೇರಿಸಿದ್ದರು. ಇಷ್ಟು ವ್ಯಾಪಕವಾಗಿ ಕಾಣುವುದನ್ನು ರೋಗವೆನ್ನುವುದಕ್ಕಿಂತ ಬೆಳೆವಣಿಗೆಯ ಒಂದು ಅವಸ್ಥೆಯೆನ್ನುವುದೇ ಯುಕ್ತ.

ಇದಕ್ಕೆ ದೇಹಧರ್ಮವೇ ಮೊದಲ ಕಾರಣ. ಹುಟ್ಟಿದಾಗ ಮೂರು ಕಿಲೋ ತೂಗಿದ ಶಿಶು ವರ್ಷ ತುಂಬುವ ವೇಳೆಗೆ ಸುಮಾರು ಒಂಬತ್ತು ಕಿಲೋ ಆಗುತ್ತದೆ. ಎರಡನೆಯ ವರ್ಷದಲ್ಲಾದರೋ ಅದಕ್ಕೆ ಕೂಡಿಬರುವುದು ಎರಡು ಎರಡೂವರೆ ಕಿಲೋ ಮಾತ್ರ. ಬೆಳೆವಣಿಗೆಯ ವೇಗ ಇಳಿದಂತೆ ಹಸಿವೂ ಇಳಿಯುವುದು ಸಹಜ. ಆದರೆ ಎಂಟು ತಿಂಗಳಿನಲ್ಲಿ ಬಟ್ಟಲು ತುಂಬ ರಾಗಿ ಸರಿಯನ್ನು ಚಪ್ಪರಿಸಿದ ಕೂಸನ್ನು ಕಂಡ ತಾಯಿಗೆ, ಅದೇ ಮಗು ಎರಡು ತುತ್ತಿಗೆ ಮುಖ ತಿರುಗಿಸಿದಾಗ ಆಗುವ ಕಳವಳವೂ ಅಷ್ಟೇ ಸಹಜವಾದುದು. ಹೊಸ ಆಹಾರದ ಅಂಜಿಕೆಯಲ್ಲಿ ಆನುವಂಶಿಕತೆಯ ಪಾಲು ದೊಡ್ಡದು: ಅವಳಿ ಮಕ್ಕಳನ್ನು ಕುರಿತು ಬ್ರಿಟನ್ನಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವು, ಮಕ್ಕಳ ನಡುವಣ ವ್ಯತ್ಯಾಸದ ಮುಕ್ಕಾಲು ಪಾಲಿಗೂ ಹೆಚ್ಚಿನದನ್ನು ಹುಟ್ಟುಗುಣಕ್ಕೆ ಸಲ್ಲಿಸಿತು.

ಈ ವಿಷಯದಲ್ಲಿ ಇಂದಿಗೂ ಸ್ಮರಿಸಲ್ಪಡುವ ಪ್ರಯೋಗವನ್ನು ನಡೆಸಿದಾಕೆ ಕ್ಲಾರಾ ಡೇವಿಸ್ ಎಂಬ ಅಮೆರಿಕನ್ ಶಿಶುವೈದ್ಯೆ. 1926ರಲ್ಲಿ ಕ್ಲೀವ್‌ಲೆಂಡಿನಲ್ಲಿ ಮೊದಲಾಗಿ, ಮುಂದೆ ಷಿಕಾಗೋ ನಗರದಲ್ಲಿ ವರ್ಷಗಟ್ಟಲೆ ಸಾಗಿದ ಈ ಪ್ರಯೋಗದಲ್ಲಿ, ಆಗತಾನೆ ಹಾಲು ಬಿಟ್ಟ, ಬೇರಾವ ಆಹಾರದ ರುಚಿಯನ್ನೂ ಅರಿಯದ 15 ಶಿಶುಗಳಿಗೆ, 34 ಬಗೆಯ ಪದಾರ್ಥಗಳ ಪಟ್ಟಿಯಿಂದ ಆಯ್ದವನ್ನು ಬೇರೆ ಬೇರೆ ಬಟ್ಟಲುಗಳಲ್ಲಿ ಹರಿವಾಣದ ಮೇಲೆ ತಂದಿಡಲಾಗುತ್ತಿತ್ತು. ಹಾಲು, ಮೊಟ್ಟೆ, ಹಣ್ಣು, ಗಜ್ಜರಿ, ಬಟಾಣಿ, ಗೋಧಿ, ಮಾಂಸ, ಯಕೃತ್ತು, ಮೀನು ಇವೆಲ್ಲ ಆ ಪಟ್ಟಿಯಲ್ಲಿದ್ದುವು; ಉಪ್ಪಿಗೂ ಒಂದು ಪ್ರತ್ಯೇಕ ಬಟ್ಟಲಿತ್ತು. ದಾದಿಯು ಚಮಚ ಹಿಡಿದು ಪಕ್ಕದಲ್ಲಿ ಮೌನವಾಗಿ ಕುಳಿತಿರುವಳು. ಮಗು ಯಾವ ಬಟ್ಟಲಿಗೆ ಕೈಚಾಚಿತೋ ಅದರಿಂದ ಒಂದು ಚಮಚ ತುಂಬಿ ಹಿಡಿಯುವಳು, ಬಾಯಿ ತೆರೆದರೆ ಇಡುವಳು. ತಿನ್ನೆನ್ನಕೂಡದು, ಬೇಡವೆನ್ನಕೂಡದು, ಮೆಚ್ಚಿಕೆಯನ್ನಾಗಲಿ ಅಸಮಾಧಾನವನ್ನಾಗಲಿ ಮುಖದಲ್ಲಿ ತೋರಕೂಡದು. ಒಂದು ಮಗು ಬೆಳಗಿನ ಹೊತ್ತು ಅರ್ಧ ಲೀಟರಿನಷ್ಟು ಕಿತ್ತಳೆಯ ರಸವನ್ನೂ ಯಕೃತ್ತನ್ನೂ ಸೇವಿಸಿದರೆ, ಇನ್ನೊಂದು ರಾತ್ರಿಯೂಟಕ್ಕೆ ಮೊಟ್ಟೆ, ಬಾಳೆಹಣ್ಣು, ಹಾಲುಗಳನ್ನೇ ಆಯ್ದುಕೊಂಡಿತು. ಒಂದು ಶಿಶುವಿನ ಆಹಾರ ಮತ್ತೊಂದರದನ್ನು ಹೋಲಲಿಲ್ಲ. ಎಲ್ಲವೂ ಚೆನ್ನಾಗಿಯೇ ಬೆಳೆದುವು. ರಿಕೆಟ್ಸ್ ಪೀಡಿತವಾಗಿದ್ದ ಒಂದು ಕೂಸು, ಪಕ್ಕದಲ್ಲಿಟ್ಟ ಕಾಡ್ ಮೀನೆಣ್ಣೆಯನ್ನು ಎಲುಬು ವಾಸಿಯಾಗುವವರೆಗೆ ತಾನಾಗಿಯೇ ಕುಡಿದು, ಬಳಿಕ ಬಿಟ್ಟುಬಿಟ್ಟಿತು. ಇದನ್ನೋದಿ ಮಕ್ಕಳ ಇಚ್ಛೆಗೆ ಎಲ್ಲವನ್ನೂ ಬಿಡಬಹುದೆಂದು ತೀರ್ಮಾನಿಸುವವರು, ಪ್ರಯೋಗದ ಮರ್ಮವೆಲ್ಲ ಆ ಪಟ್ಟಿಯಲ್ಲೇ ಇತ್ತೆಂದು 1939ರಲ್ಲಿ ಡೇವಿಸ್ ತಾವೇ ಎಚ್ಚರಿಸಿದ್ದನ್ನು ಗಮನಿಸಬೇಕು: ಸಕ್ಕರೆಯ ತಿನಿಸಾಗಲಿ ಡಬ್ಬಿಯ ಆಹಾರವಾಗಲಿ ಆ ಹರಿವಾಣದ ಹತ್ತಿರ ಸುಳಿದಿರಲಿಲ್ಲ.

ಬಲವಂತದ ಫಲವನ್ನು ಮುಂದಿನ ಸಂಶೋಧಕರು ಅಳೆದು ನೋಡಿದರು. ಲಿಯಾನ್ ಬರ್ಚ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಫಿರ್ ಎಂಬ ಹುಳಿಹಾಲಿನ ಪಾನೀಯವನ್ನು ಕುಡಿದರೆ ಬಹುಮಾನ ದೊರೆಯುವುದೆಂದು ಹೇಳಿ ಕುಡಿಸಿದ ಮಕ್ಕಳಲ್ಲಿ ಆ ಪಾನೀಯದ ಮೇಲಣ ಒಲವು ಹೆಚ್ಚುವುದಕ್ಕೆ ಬದಲಾಗಿ ಕುಗ್ಗಿತು. “ಪಲ್ಯ ತಿಂದರೆ ಚಾಕಲೇಟು” ಎಂಬ ನಮ್ಮ ಮನೆಗಳ ಒಪ್ಪಂದದಿಂದ ಮಗು ಕಲಿಯುವುದೂ ಇದನ್ನೇ: ಕೂಲಿ ಕೊಟ್ಟು ತಿನ್ನಿಸಬೇಕಾದ ಪಲ್ಯ ರುಚಿಯಾದುದಾಗಿರಲಾರದು. ಸೂಪನ್ನು ಮುಗಿಸೆಂದು ಒತ್ತಾಯಿಸಿದ ದಿನಗಳಿಗಿಂತ ಸುಮ್ಮನೆ ಬಡಿಸಿದ ದಿನಗಳಲ್ಲಿಯೇ ಮಕ್ಕಳು ಹೆಚ್ಚು ಕುಡಿದುದು 2006ರ ಇನ್ನೊಂದು ಅಧ್ಯಯನದಲ್ಲಿ ಕಂಡುಬಂತು. ಆದರೆ ಇಷ್ಟರಿಂದಲೇ ಹಠಕ್ಕೆ ತಾಯಿಯೇ ಕಾರಣಳೆಂದು ದೂಷಿಸುವುದು ದೊಡ್ಡ ಅನ್ಯಾಯ. ನೆದರ್‌ಲೆಂಡಿನ ರಾಟರ್‌ಡ್ಯಾಮ್ ನಗರದಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕ ಮಕ್ಕಳನ್ನು ವರ್ಷಾನುವರ್ಷ ಅನುಸರಿಸಿ 2017ರಲ್ಲಿ ಪ್ರಕಟವಾದ ವರದಿಯು, ಮಗುವಿನ ಹಠವು ಹೆತ್ತವರ ಒತ್ತಾಯವನ್ನೂ ಒತ್ತಾಯವು ಮರಳಿ ಹಠವನ್ನೂ ಬೆಳೆಸುವುದೆಂದೂ, ಇವೆರಡರಲ್ಲಿ ಮೊದಲನೆಯದೇ ಪ್ರಬಲವೆಂದೂ ತೋರಿಸಿತು.

ಕನ್ನಡ ನಾಡಿನ ಮನೆಗಳಲ್ಲಿ ಮಗುವನ್ನು ಸೊಂಟದ ಮೇಲೆ ಕೂರಿಸಿ, ಮೊಸರನ್ನದ ಬಟ್ಟಲು ಹಿಡಿದು ಅಂಗಳದಲ್ಲಿ ಅಡ್ಡಾಡುತ್ತ, ಕಾಗೆಯನ್ನು ತೋರಿಸಿ, ಚಂದಮಾಮನನ್ನು ಕರೆದು ತುತ್ತಿಡುವುದು ರೂಢಿ. ಅದರಲ್ಲಿ ವಾತ್ಸಲ್ಯವೂ ಮಾತೂ ಸಮೃದ್ಧವಾಗಿರುವುದರಿಂದ ಅದನ್ನು ತಪ್ಪೆನ್ನಲಾಗದು. ಆದರೆ ಮಗು ತುಟಿ ಬಿಗಿದಾಗ, ಅಥವಾ ನುಂಗದೆ ಅನ್ನವನ್ನು ಕೆನ್ನೆಯಲ್ಲಿಯೇ ಇಟ್ಟುಕೊಂಡಾಗ, ಗುಮ್ಮನನ್ನು ಕರೆದು ಹೆದರಿಸುವುದೂ ಮೂಗು ಹಿಡಿದು ತುರುಕುವುದೂ ಅದರೊಡನೆ ಸೇರಿಕೊಂಡರೆ ಊಟವೇ ಭಯದ ವಸ್ತುವಾಗುತ್ತದೆ. ಈಚೆಗೆ ಚಂದಮಾಮನ ಸ್ಥಾನವನ್ನು ಮೊಬೈಲ್ ಆಕ್ರಮಿಸಿದ ಮೇಲೆ, ತಾನು ತಿನ್ನುತ್ತಿರುವುದೇನೆಂಬ ಅರಿವೂ ಮಗುವಿಗೆ ಉಳಿಯದಂತಾಗಿದೆ.

ಏನನ್ನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ಹಿರಿಯರ ಹೊಣೆ, ತಿನ್ನುವುದೋ ಬಿಡುವುದೋ ಮತ್ತು ಎಷ್ಟು ತಿನ್ನುವುದೆಂಬುದು ಮಗುವಿನ ಹೊಣೆ ಎಂದು ಪೋಷಣಶಾಸ್ತ್ರಜ್ಞೆ ಎಲಿನ್ ಸ್ಯಾಟರ್ 1980ರ ದಶಕದಲ್ಲಿ ಮಾಡಿದ ವಿಭಾಗವನ್ನು ಇಂದು ಬಹುಮಂದಿ ವೈದ್ಯರು ಒಪ್ಪುತ್ತಾರೆ. ಹೊಸ ತರಕಾರಿಯೊಂದು ಒಗ್ಗಬೇಕಾದರೆ ಎಂಟರಿಂದ ಹದಿನೈದು ಬಾರಿ, ಒಂದೊಂದು ಚೂರಿನಂತೆ, ಒತ್ತಾಯವಿಲ್ಲದೆ ಮಗುವಿನ ಮುಂದೆ ಬರಬೇಕಾಗಬಹುದು; ಹೆತ್ತವರಾದರೋ ಮೂರು ನಾಲ್ಕು ಬಾರಿಗೇ ಕೈಬಿಡುವುದು ಸಾಮಾನ್ಯ. ಊಟದ ನಡುನಡುವೆ ಹಾಲು ಬಿಸ್ಕತ್ತುಗಳನ್ನು ಕೊಡುತ್ತಿದ್ದರೆ ಹಸಿವಿಗೆ ಎಡೆಯೇ ದೊರೆಯದು. ಅತಿಯಾದ ಹಸುವಿನ ಹಾಲು ರಕ್ತಹೀನತೆಗೂ ದಾರಿಮಾಡುತ್ತದೆ.

ಮಗುವಿನ ತೂಕ ಇಳಿಯುತ್ತಿದ್ದರೆ, ನುಂಗುವಾಗ ಪದೇ ಪದೇ ಉಸಿರು ಕಟ್ಟಿದರೆ, ವಾಂತಿ ನಿಲ್ಲದಿದ್ದರೆ, ಅಥವಾ ಒಪ್ಪುವ ಆಹಾರಗಳ ಸಂಖ್ಯೆ ದಿನೇದಿನೇ ಕುಗ್ಗುತ್ತ ಬಂದರೆ ಅದು ಸಾಮಾನ್ಯವಾದ ಹಠವಲ್ಲ. ಆಹಾರವನ್ನು ಈ ಪ್ರಮಾಣದಲ್ಲಿ ವರ್ಜಿಸುವ ಸ್ಥಿತಿಯನ್ನು ಅಮೆರಿಕದ ಮನೋವೈದ್ಯರ ಸಂಘವು 2013ರ ತನ್ನ ಕೈಪಿಡಿಯಲ್ಲಿ ಪ್ರತ್ಯೇಕ ವ್ಯಾಧಿಯೆಂದು ಗಣಿಸಿತು; ಅಂಥ ಮಗುವನ್ನು ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸತಕ್ಕದ್ದು.